ತಿದ್ದಕ್ಕ ಬಾಯಿ ಮುಚ್ಚಿಕೊಂಡ ಶನಿವಾರ

ತಿದ್ದಕ್ಕನಿಗೆ ಆ ಹೆಸರು ಇಟ್ಟವರು ಯಾರು ಅಂತ ಪ್ರಯೋಗಾಲಯದಲ್ಲಿ ಕೇಳಿ ನೋಡಿ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಯಾರೇ ಇಟ್ಟಿರಲಿ, ಪುಣ್ಯಾತ್ಮರು ಅಳತೆ ತೆಗೆದು ಹೊಲಿದ ಹಾಗೆ ಇಟ್ಟಿದ್ದಾರೆ. ಎದುರಿನವರ ಮಾತು ಬಾಯಿಂದ ಪೂರ್ತಿ ಹೊರಗೆ ಬರುವ ಮೊದಲೇ ಅದರಲ್ಲಿರುವ ತಪ್ಪನ್ನು ಹಿಡಿದು, ಸರಿಮಾಡಿ, ವಾಪಸ್ ಅವರ ಕೈಗೇ ಕೊಡುವುದು ಅವಳ ಸ್ವಭಾವ. ಮುಗಿದ ಮೇಲೆ ತಿದ್ದುವವರಿಗೇನು ಬರವೇ? ಮೇಷ್ಟ್ರು, ಅತ್ತೆ, ಪಕ್ಕದ ಮನೆಯವರು, ಎಲ್ಲರೂ ತಿದ್ದುತ್ತಾರೆ. ನಡೆಯುತ್ತಿರುವಾಗಲೇ, ಆ ಕ್ಷಣದಲ್ಲೇ ತಿದ್ದಬೇಕು ಅನ್ನುವುದು ತಿದ್ದಕ್ಕನ ಹಠ. "ಇವತ್ತು ಬಿಸಿಲು ವಿಪ..." ಅಂದರೆ ಸಾಕು, "ವಿಪರೀತ ಏನಿಲ್ಲ, ನಿನ್ನೆಗಿಂತ ಕಮ್ಮಿ" ಅಂತ ಬಂದೇ ಬಿಡುತ್ತದೆ. ಒಂದು ಸಲ ಹಲ್ಲಿನ ಡಾಕ್ಟರು ಅವಳ ಬಾಯೊಳಗೆ ಎರಡೂ ಕೈ ಹಾಕಿಕೊಂಡು ನರ್ಸಿಗೆ ಏನೋ ಹೇಳುತ್ತಿದ್ದರೆ, ಆ ಕೈಗಳ ಸಂದಿಯಿಂದಲೇ "ಅದಲ್ಲ, ಪಕ್ಕದ ಹಲ್ಲು" ಅಂದವಳು ಅವಳು. ನಿಜ ಹೇಳಬೇಕೆಂದರೆ ಅದು ಪಕ್ಕದ ಹಲ್ಲೇ ಆಗಿತ್ತು. ಕಷ್ಟ ಇರುವುದೇ ಅಲ್ಲಿ. ಬಹಳಷ್ಟು ಸಲ ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು.

ಅವಳ ಹೊಟ್ಟೆಪಾಡೂ ಅದೇ. ಆ ಪ್ರಯೋಗಾಲಯದಲ್ಲಿ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕಕ್ಕೆ ಒಂದು ಕನ್ನಡಿ ತಯಾರಾಗುತ್ತಿತ್ತು. ನಕ್ಷತ್ರ ಮಿನುಗಿದರೆ ನಮಗೆ ನಿಮಗೆ ಖುಷಿ, ಖಗೋಳದವರಿಗೆ ತಲೆನೋವು. ಮಿನುಗುವುದು ನಕ್ಷತ್ರ ಅಲ್ಲವಂತೆ, ನಡುವೆ ಇರುವ ಗಾಳಿ ಅಲುಗಾಡಿ ಬೆಳಕನ್ನು ಕಲಕಿ ಹಾಕುತ್ತದಂತೆ. ಅದಕ್ಕೇ ಈ ಕನ್ನಡಿ. ಊಟದ ತಟ್ಟೆಯಷ್ಟು ಅಗಲ, ಕಾಗದದಂಥ ತೆಳು, ಬೆನ್ನಿಗೆ ಸಾಲುಸಾಲಾಗಿ ಪುಟ್ಟ ಕಡ್ಡಿಗಳು. ಗಾಳಿ ಬೆಳಕನ್ನು ಹೇಗೆ ಸೊಟ್ಟ ಮಾಡುತ್ತದೋ, ಕಡ್ಡಿಗಳು ಕನ್ನಡಿಯನ್ನು ಅದಕ್ಕೆ ಸರಿಯಾಗಿ ಉಲ್ಟಾ ಸೊಟ್ಟ ಮಾಡುತ್ತವೆ, ಸೆಕೆಂಡಿಗೆ ನೂರಾರು ಸಲ. ಎರಡು ಸೊಟ್ಟ ಸೇರಿ ನೆಟ್ಟಗಾಗುತ್ತದೆ. ಬೆಳಕು ಎಷ್ಟು ಸೊಟ್ಟಗಾಗಿದೆ ಅಂತ ಅಳೆದು ಹೇಳುವ ಯಂತ್ರ ನಿಧಾನಪ್ಪನದು. ಆ ಅಳತೆ ತಗೊಂಡು ಕಡ್ಡಿಗಳನ್ನು ತಳ್ಳುವ ಯಂತ್ರ ತಿದ್ದಕ್ಕನದು.

ನಿಧಾನಪ್ಪನೂ ಅಡ್ಡಹೆಸರೇ ಅಂತ ಬೇರೆ ಹೇಳಬೇಕೇ? ಒಳ್ಳೆಯ ಆಳು, ಎತ್ತರ, ಕೆಲಸದಲ್ಲಿ ಚಿನ್ನ. ಆದರೆ ಬಾಯಿ ಬಿಡುವ ಮೊದಲು ಒಂದು ಗಳಿಗೆ ಛಾವಣಿ ನೋಡಬೇಕು. "ಊಟ ಆಯ್ತಾ?" ಅಂತ ಕೇಳಿರುತ್ತೀರಿ, ಉತ್ತರ ಬರದೆ ಮುಜುಗರಪಟ್ಟು "ಮನೇಲಿ ಎಲ್ಲ ಚೆನ್ನಾಗಿದಾರಾ?" ಅಂತ ಇನ್ನೊಂದು ಕೇಳುತ್ತೀರಿ, ಆಗ ಅವನು "ಇಲ್ಲ, ಇನ್ನು ಮೇಲೆ" ಅನ್ನುತ್ತಾನೆ. ಹೊಸಬರು ಹೆದರಿ ಎಷ್ಟೋ ಸಲ ಅವನ ಮನೆಯವರ ಆರೋಗ್ಯ ವಿಚಾರಿಸಿದ್ದುಂಟು.

ಈ ನಿಧಾನಪ್ಪನಿಗೆ ತಿದ್ದಕ್ಕನ ಮೇಲೆ ಮನಸ್ಸಾಗಿತ್ತು. ತಿದ್ದಕ್ಕನಿಗೂ ಅವನೆಂದರೆ ಜೀವ. ಇಡೀ ಪ್ರಯೋಗಾಲಯಕ್ಕೆ ಗೊತ್ತಿದ್ದ ವಿಷಯ ಇದು. ಅವನು ಬಾಯಿಬಿಟ್ಟು ಹೇಳಲಿ ಅಂತ ಅವಳು ಕಾಯುತ್ತಿದ್ದಳು. ಕಾಯುವುದು ಅಂದೆನೇ? ಅಯ್ಯೋ, ಅವಳಿಗೆ ಕಾಯುವುದಕ್ಕೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೊದಲನೇ ಸಲ ಅವನು ಕ್ಯಾಂಟೀನಿನಲ್ಲಿ ಧೈರ್ಯ ಮಾಡಿದ. "ನಿಮ್ಮನ್ನ ನೋಡಿದಾಗೆಲ್ಲ ನನಗೆ ಎಡಗಡೆ, ಹೃದಯದ ಹತ್ರ..." ಅಂದ.

"ಹೃದಯ ಪೂರ್ತಿ ಎಡಗಡೆ ಇರಲ್ಲ, ಹೆಚ್ಚುಕಮ್ಮಿ ಮಧ್ಯದಲ್ಲೇ ಇರತ್ತೆ. ಎಡಗಡೆ ಏನಾದ್ರೂ ಆಗ್ತಿದ್ರೆ ಅದು ಗ್ಯಾಸು" ಅಂದಳು ತಿದ್ದಕ್ಕ. ಪಾಪ, ಅವನು ಗ್ಯಾಸಿನ ಮಾತ್ರೆ ತಗೊಂಡು ಮನೆಗೆ ಹೋದ.

ಎರಡನೇ ಸಲ ಮಹಡಿ ಮೇಲೆ. "ಒಬ್ಬನೇ ಇದ್ದೂ ಇದ್ದೂ, ಮನೆ ತುಂಬ ತಣ್ಣಗೆ..." ಅಂತ ಶುರುಮಾಡಿದ. "ಅದು ತಣ್ಣಗಲ್ಲ, ತೇವ. ನಿಮ್ಮ ಹಿಂದಿನ ಗೋಡೆಗೆ ಬಿಸಿಲೇ ಬೀಳಲ್ಲ" ಅಂದವಳು, ಅಷ್ಟಕ್ಕೇ ಬಿಡದೆ ಮಾರನೇ ದಿನ ಗಾರೆಯವನನ್ನೂ ಕಳಿಸಿಕೊಟ್ಟಳು. ಗೋಡೆ ಬಹಳ ಚೆನ್ನಾಗಿ ಬಂತು. ನಿಧಾನಪ್ಪ ಆ ಗೋಡೆ ನೋಡುತ್ತಾ ಕೂತ. ಆ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡ ಮೇಲೆ ತಿದ್ದಕ್ಕನಿಗೆ ಹೊಳೆಯಿತು, ಅವನು ಹೇಳಲು ಹೊರಟಿದ್ದು ಗೋಡೆಯ ವಿಷಯ ಅಲ್ಲ ಅಂತ. ಹಣೆ ಹಣೆ ಚಚ್ಚಿಕೊಂಡಳು.

ಹೀಗಿರುವಾಗ ಕನ್ನಡಿ ಬೆಟ್ಟಕ್ಕೆ ಹೋಗುವ ದಿನ ಬಂತು. ಸೋಮವಾರ ಲಾರಿ. ಕನ್ನಡಿಯ ಜೊತೆ ನಿಧಾನಪ್ಪ ಹೋಗಬೇಕು, ಎರಡು ವರ್ಷ ಅಲ್ಲೇ ಇರಬೇಕು ಅಂತ ಮುಖ್ಯಸ್ಥರು ಅಪ್ಪಣೆ ಮಾಡಿದರು. ಆ ಮುಖ್ಯಸ್ಥರು ಅಂದರೆ, ಸದಾ ಕನ್ನಡಕವನ್ನು ಹಣೆ ಮೇಲೆ ಇಟ್ಟುಕೊಂಡು ಕನ್ನಡಕ ಹುಡುಕುವ ಹಿರಿಯರು. ಕೆಟ್ಟವರಲ್ಲ.

ಶುಕ್ರವಾರ ಕೊನೆಯ ಪರೀಕ್ಷೆ. ಒಂದು ಪುಟ್ಟ ದೀಪವೇ ನಕ್ಷತ್ರ, ಅದರ ಮುಂದೆ ಬಿಸಿಗಾಳಿ ಊದುವ ಹೀಟರೇ ಆಕಾಶ. ಕನ್ನಡಿ ಚಾಲೂ ಮಾಡಿದರೆ ತೆರೆಯ ಮೇಲಿನ ಬೆಳಕು ಒಂದು ಚುಕ್ಕೆಯಾಗಿ ನಿಲ್ಲಬೇಕು. ಚಾಲೂ ಮಾಡಿದರು. ಕನ್ನಡಿ "ಕೊಂಯ್..." ಅಂತ ರಾಗ ತೆಗೆದು ನಡುಗತೊಡಗಿತು. ತೆರೆಯ ಮೇಲೆ ಚುಕ್ಕೆ ಕುಣಿದದ್ದೇ ಕುಣಿದದ್ದು. ಕನ್ನಡಿ ಆಫ್ ಮಾಡಿದರೇ ವಾಸಿ ಅನ್ನುವಷ್ಟು!

"ಇವರ ಅಳತೆ ತಡವಾಗಿ ಬರ್ತಿದೆ" ಅಂದಳು ತಿದ್ದಕ್ಕ.

ನಿಧಾನಪ್ಪ ಛಾವಣಿ ನೋಡಿದ. "ತಡ ಆಗೋದು ಹೌದು. ಆದ್ರೆ..."

"ಆದ್ರೆ ಗೀದ್ರೆ ಏನಿಲ್ಲ, ತಡ ಅಂದ್ರೆ ತಡಾನೇ."

"ಅಮ್ಮಾ ತಾಯಿ, ಅವರು ಏನು ಹೇಳ್ತಾರೋ ಒಂದು ಸಲ ಹೇಳೋಕೆ ಬಿಡು" ಅಂತ ಮುಖ್ಯಸ್ಥರು ಕೈ ಮುಗಿದರು. ತಿದ್ದಕ್ಕ ತುಟಿ ಕಚ್ಚಿಕೊಂಡು ನಿಂತಳು.

ನಿಧಾನಪ್ಪ ಹೇಳಿದ, ಅವನ ಲೆಕ್ಕದಲ್ಲಿ ಅದು ಭಾಷಣವೇ. "ನಾನು ಅಳೆದು ಹೇಳೋ ಹೊತ್ತಿಗೆ ಗಾಳಿ ಮುಂದೆ ಹೋಗಿರತ್ತೆ. ಅದನ್ನ ಯಾರೂ ತಪ್ಪಿಸೋಕಾಗಲ್ಲ. ನೀವು ಆ ಹಳೇ ತಪ್ಪನ್ನ ಪೂರ್ತಿ ಜೋರು ಹಾಕಿ ತಿದ್ದುತೀರಿ. ಆದ್ರೆ ಅಲ್ಲಿ ಆ ತಪ್ಪು ಆಗ ಇರಲ್ಲ. ಇಲ್ಲದ ತಪ್ಪನ್ನ ತಿದ್ದಿದ್ರೆ ಅದೇ ಒಂದು ಹೊಸ ತಪ್ಪು. ಅದನ್ನ ನಾನು ಅಳೀತೀನಿ. ಅದನ್ನ ನೀವು ಇನ್ನೂ ಜೋರಾಗಿ ತಿದ್ದುತೀರಿ. ಕನ್ನಡಿ ಈಗ ಗಾಳಿನ ತಿದ್ದುತ್ತಾ ಇಲ್ಲ. ನಿಮ್ಮನ್ನ ತಿದ್ದುತ್ತಾ ಇದೆ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ತಿದ್ದಕ್ಕನ ಮುಖ ಕೆಂಪಾಯಿತು. "ಹಾಗಾದ್ರೆ ಏನು ಮಾಡಬೇಕಂತೆ?"

"ಅರ್ಧ ತಿದ್ದಿ. ಮಿಕ್ಕಿದ್ದನ್ನ ಬಿಡಿ. ಮುಂದಿನ ಸಲ ನೋಡೋಣ."

ತಪ್ಪು ಕಣ್ಣೆದುರಿಗೆ ಬಿದ್ದಿರುವಾಗ ಅರ್ಧ ಬಿಡುವುದೇ! ತಿದ್ದಕ್ಕನಿಗೆ ಯಾರೋ ಅರ್ಧ ಮುಖ ತೊಳೆದುಕೊಂಡು ಆಫೀಸಿಗೆ ಹೋಗು ಅಂದ ಹಾಗಾಯಿತು. ಆದರೂ ಎಲ್ಲರ ಎದುರಿಗೆ ಬೇರೆ ದಾರಿ ಇಲ್ಲದೆ, ಹಲ್ಲು ಕಚ್ಚಿಕೊಂಡು ತನ್ನ ಯಂತ್ರದ ಜೋರಿನ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದಳು. ಕೊಂಯ್ ಅನ್ನುವುದು ನಿಂತಿತು. ತೆರೆಯ ಮೇಲೆ ಚುಕ್ಕೆ ಒಂದೆರಡು ಸಲ ಮಿಸುಕಾಡಿ, ಸುಮ್ಮನೆ ಕೂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಮುಖ್ಯಸ್ಥರು ಖುಷಿಗೆ ತಲೆ ಅಲ್ಲಾಡಿಸಿದ ರಭಸಕ್ಕೆ ಕನ್ನಡಕ ಹಣೆಯಿಂದ ಜಾರಿ ಮೂಗಿನ ಮೇಲೆ ಕೂತು, ಅವರಿಗೆ ಅದೂ ಸಿಕ್ಕಂತಾಯಿತು.

ತಿದ್ದಕ್ಕ ಕಾರಿಡಾರಿಗೆ ಬಂದು ಕಿಟಕಿ ಹತ್ತಿರ ನಿಂತಳು. ಅವಮಾನಕ್ಕಿಂತ ಬೇರೆ ಏನೋ ಸಂಕಟ. ಇನ್ನು ಮೂರೇ ದಿನ, ಈ ಮನುಷ್ಯ ಹೊರಟುಹೋಗುತ್ತಾನೆ. ನಿಧಾನಪ್ಪ ಹಿಂದೆಯೇ ಬಂದ. ಛಾವಣಿ ನೋಡಿದ. ಅವಳೂ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ನಾಳೆ ಸಂಜೆ ನಿಮ್ಮ ಮನೆಗೆ ಬರ್ತೀನಿ. ನಿಮ್ಮ ಅಮ್ಮನ ಹತ್ರ ಒಂದು ಮಾತು ಕೇಳೋದಿದೆ."

"ಅಮ್ಮನ ಹತ್ರ ಯಾ..."

ಅವನು ಕೈ ಎತ್ತಿದ. ಅವನು ಕೈ ಎತ್ತಿದ್ದನ್ನು ಅವಳು ಇದುವರೆಗೆ ನೋಡಿರಲೇ ಇಲ್ಲ, ಹಾಗಾಗಿ ನಿಜಕ್ಕೂ ಸುಮ್ಮನಾದಳು. "ನನ್ನ ಮಾತು ಪೂರ್ತಿ ಮುಗಿಯೋ ತನಕ ನೀವು ತುಟಿ ಪಿಟಕ್ ಅನ್ನಬಾರ್ದು. ತಪ್ಪೇ ಹೇಳಿದ್ರೂ ತಿದ್ದಬಾರ್ದು. ಮಧ್ಯೆ ಬಾಯಿ ಹಾಕಿದ್ರಿ ಅಂದ್ರೆ, ಈ ಜನ್ಮದಲ್ಲಿ ನಿಮ್ಮ ಜೊತೆ ನಾನು ಒಂದು ಮಾತೂ ಮುಗಿಸೋಕಾಗಲ್ಲ ಅಂತ ಅಂದ್ಕೊಂಡು ಸುಮ್ಮನೆ ಲಾರಿ ಹತ್ತಿ ಹೋಗ್ಬಿಡ್ತೀನಿ. ಆಮೇಲೆ ಫೋನೂ ಇಲ್ಲ, ಗೀನೂ ಇಲ್ಲ." ಇಷ್ಟು ಹೇಳುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂದಿತ್ತು. ಅವಳು ಹೂಂ ಅಂತ ತಲೆ ಆಡಿಸಿದಳು, ಬಾಯಿ ತೆರೆಯದೆ.

ಈಗ ಅಮ್ಮನ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಿದ್ದಕ್ಕನ ಅಮ್ಮ ಬಂದರಿನ ವೈರ್‌ಲೆಸ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಸಮುದ್ರದ ಮೇಲಿರುವ ಹಡಗುಗಳಿಗೆ ಸುದ್ದಿ ಕಳಿಸುವುದು, ಅಲ್ಲಿಂದ ಬಂದದ್ದನ್ನು ಕೇಳಿಸಿಕೊಳ್ಳುವುದು. ಗುಡುಗು, ಗಾಳಿ, ಕೊರಕೊರ ಸದ್ದು, ಇದರ ಮಧ್ಯೆ ಒಂದು ಪದ ಸರಿಯಾಗಿ ಬಂದರೆ ಇನ್ನೊಂದು ಬರುತ್ತಿರಲಿಲ್ಲ. ಅವರು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಬ್ಬ ಕಪ್ತಾನನಿಗೆ 'ಗಂಡು ಮಗು ಹುಟ್ಟಿದೆ' ಅಂತ ಕಳಿಸಿದ್ದು 'ಗಂಡು ಮೇಕೆ ಹುಟ್ಟಿದೆ' ಅಂತ ತಲುಪಿ, ಅವನು 'ಸಂತೋಷ, ಹಿತ್ತಲಲ್ಲಿ ಕಟ್ಟಿಹಾಕಿ' ಅಂತ ಉತ್ತರ ಕಳಿಸಿದ್ದನಂತೆ. ಅವನ ಹೆಂಡತಿ ಆಮೇಲೆ ಎಷ್ಟೋ ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದಳಂತೆ. ಅಂದಿನಿಂದ ಅಮ್ಮ ಏನೇ ಆದರೂ ಮೂರು ಸಲ ಹೇಳುವುದು, ಮೂರು ಸಲ ಕೇಳಿಸಿಕೊಳ್ಳುವುದು. ಮೂರರಲ್ಲಿ ಎರಡು ಸಲ ಹೇಗೆ ಬಂತೋ ಅದೇ ಸುದ್ದಿ, ಮಿಕ್ಕಿದ್ದು ಗಾಳಿಯ ಗದ್ದಲ. ಕಚೇರಿ ಬಿಟ್ಟರೂ ಚಾಳಿ ಬಿಡಲಿಲ್ಲ. ಮನೆ ಬದಲಿಸಿದ ಹೊಸದರಲ್ಲಿ ಅಂಗಡಿಯವನು ಪ್ರತಿ ಸಲ ಮೂರು ಸೋಪು ಕೊಟ್ಟು ಕಳಿಸುತ್ತಿದ್ದ.

ಶನಿವಾರ ಸಂಜೆ ನಿಧಾನಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಅಮ್ಮ ಬಾಗಿಲು ತೆಗೆದು "ಬನ್ನಿ, ಬನ್ನಿ, ಬನ್ನಿ" ಅಂದರು. ಇದು ಎಲ್ಲ ಮನೆಯಲ್ಲೂ ಹೇಳುವುದೇ, ಅವನಿಗೆ ಏನೂ ಅನ್ನಿಸಲಿಲ್ಲ. "ಚಪ್ಪಲಿ ಇಲ್ಲೇ ಬಿಡಿ" ಅನ್ನುವುದನ್ನೂ ಮೂರು ಸಲ ಹೇಳಿದಾಗ ಮಾತ್ರ ಒಮ್ಮೆ ತನ್ನ ಕಾಲು ನೋಡಿಕೊಂಡ.

ತಿದ್ದಕ್ಕ ಸೋಫಾದ ತುದಿಯಲ್ಲಿ ಕೂತಿದ್ದಳು. ತನ್ನ ಬಾಯಿಯ ಮೇಲೆ ತನಗೇ ನಂಬಿಕೆ ಇಲ್ಲದ ಕಾರಣ, ಮುಂಜಾಗ್ರತೆಗೆ ಬಿಸ್ಕತ್ತು ತುರುಕಿಕೊಂಡಿದ್ದಳು, ಎರಡೂ ಕೆನ್ನೆ ಉಬ್ಬುವಷ್ಟು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಸನ್ನೆ ಮಾಡುವುದೂ ತಿದ್ದಿದ ಹಾಗೆಯೇ ಅಲ್ಲವೇ?

"ಇವಳಿಗೇನಾಗಿದೆ? ಹಲ್ಲು ನೋವಾ?" ಅಂತ ಅಮ್ಮ ಮೂರು ಸಲ ಕೇಳಿದರು. ತಿದ್ದಕ್ಕ ತಲೆ ಅಲ್ಲಾಡಿಸಿದಳು, ಅದನ್ನೂ ಮೂರು ಸಲ.

ಟೀ ಬಂತು. ನಿಧಾನಪ್ಪ ಲೋಟ ಹಿಡಿದು, ಛಾವಣಿ ನೋಡಿ, "ಅಮ್ಮಾ, ನಿಮ್ಮ ಹತ್ರ ಒಂದು ಮಾತು ಕೇಳೋಣ ಅಂತ ಬಂದೆ" ಅಂದ.

"ಕೇಳಿ, ಕೇಳಿ, ಕೇಳಿ. ಆದ್ರೆ ನಮ್ಮ ಮನೇಲಿ ಒಂದು ಪದ್ಧತಿ ಇದೆ. ಮುಖ್ಯವಾದ ಮಾತಾದ್ರೆ ಒಂದು ಸಲ ಹೇಳಿದ್ದನ್ನ ನಾನು ತಗೊಳ್ಳಲ್ಲ. ಮೂರು ಸಲ ಹೇಳಿ. ಎರಡು ಸಲ ಒಂದೇ ಥರ ಬಂದಿದ್ದನ್ನ ತಗೊಳ್ತೀನಿ. ಆಮೇಲೆ ನಾನು ಅದನ್ನ ವಾಪಸ್ ಹೇಳ್ತೀನಿ, ನೀವು ಹೌದು ಅನ್ನಬೇಕು. ಅಲ್ಲಿಗೆ ಮಾತು ಮುಗೀತು" ಅಂದರು ಅಮ್ಮ, ನಿಯಮ ಓದಿ ಹೇಳಿದ ಹಾಗೆ.

ನಿಧಾನಪ್ಪನ ಮುಖ ಬಿಳಿಚಿಕೊಂಡಿತು. ಒಂದು ಸಲ ಹೇಳುವುದಕ್ಕೇ ಅವನಿಗೆ ವರ್ಷ ಹಿಡಿದಿತ್ತು. ಆ ಒಂದು ವಾಕ್ಯವನ್ನು ಮನೆಯಲ್ಲಿ, ಸ್ನಾನದಲ್ಲಿ, ಹೊಸ ಗೋಡೆಯ ಎದುರಿಗೆ, ಎಷ್ಟು ಸಲ ಹೇಳಿಕೊಂಡಿದ್ದನೋ ಅವನಿಗೇ ಗೊತ್ತಿಲ್ಲ. ಅಮ್ಮ ಕಣ್ಣು ಮುಚ್ಚಿ, ಕಿವಿಯ ಮೇಲೆ ಕೈ ಇಟ್ಟುಕೊಂಡು, ಹಳೆಯ ಕಚೇರಿಯಲ್ಲಿ ಕೂತ ಹಾಗೆಯೇ ಕೂತರು. "ಹೂಂ. ಒಂದನೇ ಸಲ."

"ನಾನು," ಅಂದ ನಿಧಾನಪ್ಪ. ಬೆವರು ಒರೆಸಿಕೊಂಡ. "ನಾನು ನಿಮ್ಮನ್ನ ಮದುವೆ ಆಗಿ, ಬೆಟ್ಟಕ್ಕೆ ಕರ್ಕೊಂಡು ಹೋಗಬೇಕು ಅಂತಿದೀನಿ."

ತಿದ್ದಕ್ಕನ ಬಾಯಲ್ಲಿ ಬಿಸ್ಕತ್ತು ಹಾಗೇ ನಿಂತಿತು. ನಿಮ್ಮನ್ನ! ಅಮ್ಮನ್ನ! ಅಯ್ಯೋ ದೇವರೇ, ಈ ಮನುಷ್ಯ ಏನು ಹೇಳಿಬಿಟ್ಟ! ತಿದ್ದುವ ಮಾತು ಗಂಟಲ ತನಕ ಬಂದು ಬಿಸ್ಕತ್ತಿಗೆ ಢಿಕ್ಕಿ ಹೊಡೆದು ವಾಪಸ್ ಹೋಯಿತು. ಕಣ್ಣಲ್ಲಿ ನೀರು ಬಂತು.

ಅಮ್ಮನ ಒಂದು ಹುಬ್ಬು ಮಾತ್ರ ಮೇಲೆ ಹೋಯಿತು. "ಎರಡನೇ ಸಲ."

"ನಿಮ್ಮ ಮಗಳನ್ನ ಮದುವೆ ಆಗಿ, ಲಾರಿಗೆ... ಲಾರಿಗೆ ಕರ್ಕೊಂಡು ಹೋಗಬೇಕು ಅಂತಿದೀನಿ."

ಸದ್ಯ! ಲಾರಿಯಾದರೆ ಲಾರಿ, ಮಗಳು ಅಂತ ಬಂತಲ್ಲ. ಇನ್ನೊಂದು ಸಲ ಸರಿಯಾಗಿ ಹೇಳಿದರೆ ಬದುಕಿದೆ. ತಿದ್ದಕ್ಕ ಕಾಲ ಬೆರಳುಗಳನ್ನು ಮಡಚಿಕೊಂಡು, ಅವನ ತುಟಿಯನ್ನೇ ನೋಡುತ್ತಾ, ಮಗಳು ಅನ್ನು, ಮಗಳು ಅನ್ನು ಅಂತ ಮನಸ್ಸಿನಲ್ಲೇ ಕೂಗಿಕೊಂಡಳು. ಅವನು ಅವಳ ಕಡೆ ನೋಡಿದ. ನೋಡಬಾರದಿತ್ತು. ಉಬ್ಬಿದ ಕೆನ್ನೆ, ನೀರು ತುಂಬಿದ ಕಣ್ಣು, ಅವಳನ್ನು ನೋಡಿದ್ದೇ ತಡ, ವರ್ಷದಿಂದ ಬಾಯಿಪಾಠವಾಗಿದ್ದ ವಾಕ್ಯ ತಾನೇ ತಾನಾಗಿ ಹೊರಗೆ ಬಂದುಬಿಟ್ಟಿತು.

"ನಾನು ನಿಮ್ಮನ್ನ ಮದುವೆ ಆಗಿ, ಬೆಟ್ಟಕ್ಕೆ ಕರ್ಕೊಂಡು ಹೋಗಬೇಕು ಅಂತಿದೀನಿ."

ಆಗ ಗೊತ್ತಾಯಿತು ತಿದ್ದಕ್ಕನಿಗೆ. ಈ ವಾಕ್ಯ ಅಮ್ಮನಿಗೆ ಅಂತ ತಯಾರಾದದ್ದೇ ಅಲ್ಲ. ತನಗೆ ಹೇಳಬೇಕು ಅಂತ ಮಾಡಿಟ್ಟುಕೊಂಡದ್ದು. ಕ್ಯಾಂಟೀನಿನಲ್ಲಿ ಬರಬೇಕಾಗಿದ್ದು, ಮಹಡಿ ಮೇಲೆ ಬರಬೇಕಾಗಿದ್ದು, ತಾನು ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದರೆ ಎಂದೋ ಬಂದಿರುತ್ತಿದ್ದದ್ದು. ಪಾಪಿ ಮುಂಡೇದು ನನ್ನ ಬಾಯಿ ಅಂತ ತನ್ನನ್ನೇ ಬೈದುಕೊಂಡಳು.

ಅಮ್ಮ ಕಣ್ಣು ಬಿಟ್ಟು ಬೆರಳು ಮಡಚಿ ಲೆಕ್ಕ ಹಾಕಿದರು. "ಬೆಟ್ಟ ಎರಡು ಸಲ, ಲಾರಿ ಒಂದು ಸಲ. ಲಾರಿ ಗದ್ದಲ, ಬಿಡಿ. ಮಗಳು ಒಂದು ಸಲ. ನಾನು..." ಅಲ್ಲಿಗೆ ಬೆರಳು ನಿಂತಿತು. "ನಾನು ಎರಡು ಸಲ."

ಬೇರೆ ಯಾವ ತಾಯಿಯಾದರೂ ನಕ್ಕು "ಏನಪ್ಪಾ, ನನ್ನ ಮಗಳನ್ನ ಅಂತ ತಾನೇ?" ಅನ್ನುತ್ತಿದ್ದರು. ಆದರೆ ಇವರು ಜೀವಮಾನವೆಲ್ಲ, ಬಂದ ಸುದ್ದಿಗೆ ತನ್ನ ಊಹೆ ಸೇರಿಸಬಾರದು ಅಂತ ಇದ್ದವರು. ಅಮ್ಮ ಸೆರಗು ಸರಿಮಾಡಿಕೊಂಡರು. ಕೂದಲು ಒಮ್ಮೆ ಮುಟ್ಟಿಕೊಂಡರು. "ನೋಡಿ, ಇವಳ ಅಪ್ಪ ಹೋಗಿ ಬಹಳ ವರ್ಷ ಆಯ್ತು. ನಾನು ಇಂಥದ್ದನ್ನ ಯೋಚನೆ ಮಾಡಿದವಳಲ್ಲ. ನನಗೆ ಮಂಡಿನೋವು ಬೇರೆ. ಬೆಟ್ಟದಲ್ಲಿ ಚಳಿ ಜಾಸ್ತಿ ಇರತ್ತಾ?" ಮೂರು ಸಲ ಕೇಳುವುದನ್ನೂ ಮರೆತಿದ್ದರು. ಆಮೇಲೆ ಬಂದವರನ್ನು ತಬ್ಬಿಬ್ಬು ಮಾಡಬಾರದು ಅಂತಲೋ ಏನೋ, "ಟೀಗೆ ಸಕ್ಕರೆ ಸರಿಯಾಗಿದೆಯಾ?" ಅಂದರು.

ನಿಧಾನಪ್ಪ ಛಾವಣಿ ನೋಡುತ್ತಿದ್ದ. ಬೆಟ್ಟದ ಚಳಿಯ ಪ್ರಶ್ನೆ ಅವನ ಕಿವಿಗೇ ಬಿದ್ದಿರಲಿಲ್ಲ.

ಅಮ್ಮ ಗಂಟಲು ಸರಿಮಾಡಿಕೊಂಡರು. "ಸರಿ. ವಾಪಸ್ ಹೇಳ್ತಾ ಇದೀನಿ. ನೀವು ನನ್ನನ್ನ, ಅಂದ್ರೆ ಇವಳ ಅಮ್ಮನನ್ನ, ಮದುವೆ ಆಗಿ ಬೆಟ್ಟಕ್ಕೆ ಕರ್ಕೊಂಡು ಹೋಗಬೇಕು ಅಂತಿದೀರಿ. ಇದು ನಿಜಾನಾ?"

ನಿಧಾನಪ್ಪ ತೃಪ್ತಿಯಿಂದ ಲೋಟ ಕೆಳಗಿಟ್ಟ. "ಹೌದು, ಸರಿಯಾಗಿದೆ" ಅಂದ.

ಅದು ಸಕ್ಕರೆಗೆ ಕೊಟ್ಟ ಉತ್ತರ ಅಂತ ಲೋಕದಲ್ಲಿ ಒಬ್ಬಳಿಗೇ ಗೊತ್ತಿತ್ತು, ಅವಳ ಬಾಯಿ ತುಂಬ ಬಿಸ್ಕತ್ತಿತ್ತು. ಸುಮ್ಮನಿದ್ದರೆ ಅಮ್ಮನಿಗೆ ಮದುವೆ. ಬಾಯಿ ಬಿಟ್ಟರೆ ಅವನು ಲಾರಿ ಹತ್ತಿ ಹೋಗುತ್ತಾನೆ, ಆಮೇಲೆ ಫೋನೂ ಇಲ್ಲ, ಗೀನೂ ಇಲ್ಲ. ಅಮ್ಮ "ಹಾಗಾದ್ರೆ ನನಗೆ ಒಂದು ವಾರ ಟೈಮ್ ಕೊಡಿ..." ಅಂತ ಶುರುಮಾಡಿದ್ದೇ ತಡ, ತಿದ್ದಕ್ಕನ ಒಳಗಿದ್ದ ಕಟ್ಟೆ ಒಡೆಯಿತು.

"ಅಮ್ಮಾ! ಅವರು ನನ್ನ ಗಂಡ ಕಣಮ್ಮಾ!"

ಬಿಸ್ಕತ್ತಿನ ಪುಡಿ ಟೀಪಾಯಿ ತನಕ ಹಾರಿತು.

"ಇನ್ನೂ ಆಗಿಲ್ಲ" ಅಂದ ನಿಧಾನಪ್ಪ.

ಛಾವಣಿ ನೋಡದೆ, ಉಸಿರು ತೆಗೆದುಕೊಳ್ಳದೆ, ಚಾಟಿ ಬೀಸಿದ ಹಾಗೆ ಅಂದ. ಅವನೇ ಬೆಚ್ಚಿಬಿದ್ದ. ಹುಟ್ಟಿದ ಮೇಲೆ ಅವನು ಯಾರನ್ನೂ ತಿದ್ದಿದವನಲ್ಲ, ಅದೂ ಇಷ್ಟು ಬೇಗ. ಅಮ್ಮ ಒಮ್ಮೆ ಇವನನ್ನೂ ಒಮ್ಮೆ ಮಗಳನ್ನೂ ನೋಡಿದರು. ಸುದ್ದಿ ಏನು ಅಂತ ಅವರಿಗೆ ಈ ಸಲ ಒಂದೇ ಸಲಕ್ಕೆ ತಲುಪಿತು. "ಓಹೋ" ಅಂದರು. ಸ್ವಲ್ಪ ಬೇಸರವಾಗಿತ್ತೋ ಏನೋ, ಹೇಳುವುದು ಕಷ್ಟ.

ತಿದ್ದಕ್ಕನಿಗೆ ಆಗ ಎಚ್ಚರವಾಯಿತು. "ನಾನು ಬಾಯಿ ಬಿಟ್ಟೆ" ಅಂದಳು. "ನಿಮ್ಮ ಮಾತಿಗೆ ಅಮ್ಮ ಇನ್ನೂ ಉತ್ತರ ಕೊಡ್ತಾ ಇದ್ರು, ಮಧ್ಯೆ ಬಾಯಿ ಹಾಕಿದೆ. ತಡ್ಕೊಳ್ಳೋಕೆ ನೋಡಿದೆ, ಆಗಲಿಲ್ಲ. ಈಗ ನೀವು ಹೊರಟುಹೋಗ್ತೀರಾ?"

ನಿಧಾನಪ್ಪ ಛಾವಣಿ ನೋಡಿದ.

ನೋಡುತ್ತಲೇ ಇದ್ದ. ತಿದ್ದಕ್ಕನ ತಲೆಯಲ್ಲಿ ಅವನ ಪರವಾಗಿ ಉತ್ತರಗಳು ಸಾಲುಗಟ್ಟಿ ನಿಂತವು. ಇಲ್ಲ ಅನ್ನಿ. ಹೋಗಲಿ ಬಿಡಿ ಅನ್ನಿ. ಇದೊಂದು ಸಲ ಮಾಫಿ ಅನ್ನಿ. ಒಂದೊಂದನ್ನೂ ಅವನ ಬಾಯಿಗೆ ತುರುಕಬೇಕು ಅನ್ನಿಸಿತು. ಒಂದನ್ನೂ ಹೇಳಲಿಲ್ಲ. ಈಗ ಬಾಯಲ್ಲಿ ಬಿಸ್ಕತ್ತೂ ಇರಲಿಲ್ಲ, ತಾನೇ ತಡೆದುಕೊಳ್ಳಬೇಕಿತ್ತು. ಟೀ ಕೆನೆಗಟ್ಟಿತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅಮ್ಮ ತಾಳಲಾರದೆ "ಏನಪ್ಪಾ, ಏ..." ಅಂತ ಬಾಯಿ ತೆರೆದರು. ತಿದ್ದಕ್ಕ ಕೈ ಚಾಚಿ ಅಮ್ಮನ ಬಾಯಿ ಮುಚ್ಚಿದಳು. ಹೆತ್ತ ತಾಯಿಯ ಬಾಯಿ! ಅಮ್ಮನ ಕಣ್ಣು ಅಷ್ಟಗಲ ಆಯಿತು. ಆದರೂ ಕೈ ತೆಗೆಯಲಿಲ್ಲ. ಹೋಗುತ್ತೇನೆ ಅನ್ನಲಿ, ಇರುತ್ತೇನೆ ಅನ್ನಲಿ, ಅದನ್ನು ಅವನೇ ಹೇಳಬೇಕು, ಪೂರ್ತಿ ಹೇಳಬೇಕು, ಅಲ್ಲಿಯ ತನಕ ಈ ಮನೆಯಲ್ಲಿ ಯಾರೂ ಉಸಿರೆತ್ತಕೂಡದು.

ಕೊನೆಗೆ ಅವನು ಕಣ್ಣು ಕೆಳಗಿಳಿಸಿ ಅವಳನ್ನೇ ನೋಡಿದ. "ನಾಳೆ ಬೆಳಿಗ್ಗೆ," ಅಂದ. ನಿಲ್ಲಿಸಿದ. ಅವಳು ಕಾದಳು. "ನಾಳೆ ಬೆಳಿಗ್ಗೆ, ಆಫೀಸು ತೆಗೆಯೋ ಹೊತ್ತಿಗೆ," ಮತ್ತೆ ನಿಲ್ಲಿಸಿದ. ಮತ್ತೆ ಕಾದಳು. "ನಾವಿಬ್ಬರೂ ಹೋಗಿ ಮದುವೆಗೆ ಅರ್ಜಿ ಕೊಟ್ಟು ಬರೋಣ. ಆಮೇಲೆ ಸೋಮವಾರ ಬೆಳಿಗ್ಗೆ ನಾನು ಲಾರಿ ಜೊತೆ ಹೋಗಿ, ಕನ್ನಡಿ ಕೂರಿಸಿ, ಮದುವೆ ದಿನಕ್ಕೆ ಸರಿಯಾಗಿ ವಾಪಸ್ ಬರ್ತೀನಿ. ಆಮೇಲೆ ಇಬ್ಬರೂ ಹೋಗೋಣ."

ನಾಳೆ ಭಾನುವಾರ. ಭಾನುವಾರ ಯಾವ ಆಫೀಸು ತೆಗೆಯುತ್ತದೆ? ಅಮ್ಮನಿಗೆ ಗೊತ್ತಾಯಿತು, ಮಗಳ ಅಂಗೈ ಕೆಳಗೆ ಅವರ ತುಟಿ ಮಿಸುಕಾಡಿತು. ತಿದ್ದಕ್ಕ ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತಿ ಹಿಡಿದಳು.

"ಹೋಗೋಣ" ಅಂದಳು.

ಮಾರನೇ ದಿನ ಬೆಳಿಗ್ಗೆ ಇಬ್ಬರೂ ನೋಂದಣಿ ಕಚೇರಿಗೆ ಹೋದರು. ಅವಳು ತನ್ನ ಹತ್ತಿರ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಬಾಗಿಲಿಗೆ ದಪ್ಪ ಬೀಗ, ಮೆಟ್ಟಿಲ ಮೇಲೆ ಒಂದು ಬೆಕ್ಕು. ನಿಧಾನಪ್ಪ ಬೀಗ ನೋಡಿದ, ಬೆಕ್ಕು ನೋಡಿದ, ಗೋಡೆಯ ಫಲಕ ಓದಿದ. ಇನ್ನೊಂದು ಸಲ ಓದಿದ. ತಿದ್ದಕ್ಕ ಅವಸರ ಮಾಡಲಿಲ್ಲ.

"ಇವತ್ತು ಭಾನುವಾರ" ಅಂದ ಅವನು.

"ಹೂಂ."

"ನಿಮಗೆ ಗೊತ್ತಿರಲಿಲ್ವಾ?"

"ನಿನ್ನೇನೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೋಗೋಣ ಅಂದ್ರಲ್ಲ. ಅದಕ್ಕೇ ಬಂದೆ." ಅವಳು ಸೀರೆ ಸರಿಮಾಡಿಕೊಂಡು ಬೆಕ್ಕಿನ ಪಕ್ಕ ಕೂತಳು. "ಲಾರಿ ಡ್ರೈವರಿಗೆ ಬೆಳಿಗ್ಗೆ ಫೋನ್ ಮಾಡಿದ್ದೆ. ನಾಳೆ ಕನ್ನಡಿ ಹಾಕ್ಕೊಂಡು ಮೊದಲು ಇಲ್ಲಿಗೇ ಬಂದು ನಿಲ್ಲಿಸ್ತಾನಂತೆ. ಅರ್ಜಿ ಕೊಟ್ಟು ಇಲ್ಲಿಂದಾನೇ ಹತ್ತಿಕೊಂಡು ಹೋಗಿ."

ನಿಧಾನಪ್ಪ ಅವಳ ಪಕ್ಕ ಕೂತ. ಛಾವಣಿ ಇಲ್ಲದ್ದಕ್ಕೆ ಆಕಾಶ ನೋಡಿದ. ಆಮೇಲೆ ಹೇಳಲು ಶುರುಮಾಡಿದ, ವರ್ಷದಿಂದ ಹೇಳದೆ ಉಳಿದದ್ದನ್ನೆಲ್ಲ, ಒಂದೊಂದಾಗಿ, ನಡುನಡುವೆ ನಿಲ್ಲಿಸಿ ನಿಲ್ಲಿಸಿ. ಬಿಸಿಲು ಮೆಟ್ಟಿಲು ಹತ್ತಿ ಬಂದು ಇಬ್ಬರ ಕಾಲ ಮೇಲೂ ಬಿತ್ತು. ಅವನ ಮಾತಿನಲ್ಲಿ ಸಾಕಷ್ಟು ತಪ್ಪಿತ್ತು. ಅವಳನ್ನು ಮೊದಲು ಎಲ್ಲಿ ನೋಡಿದ್ದು ಅನ್ನುವುದನ್ನೂ ತಪ್ಪು ಹೇಳಿದ, ಅವತ್ತು ಅವಳು ಉಟ್ಟಿದ್ದ ಸೀರೆಯ ಬಣ್ಣವನ್ನೂ ತಪ್ಪು ಹೇಳಿದ. ತಿದ್ದಕ್ಕ ಅವನ ಭುಜಕ್ಕೆ ತಲೆ ಕೊಟ್ಟುಕೊಂಡು ಎಲ್ಲವನ್ನೂ ಕೇಳಿದಳು, ನಿಲ್ಲಿಸಿದಾಗ "ಆಮೇಲೆ?" ಅಂದಳು.